ಸಸ್ಯಕೋಶ ಸ್ಲೈಡ್ ಕಿಟ್: ಬಣ್ಣಗಳಿಗೆ ಸೈ, ಕವರ್ ಸ್ಲಿಪ್‌ಗೆ ದೂರದಿಂದಲೇ ನಮಸ್ಕಾರ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕೈಯಲ್ಲಿ ಆಗಲೇ ಒಂದು ಸೂಕ್ಷ್ಮದರ್ಶಕವಿದ್ದು, ಈರುಳ್ಳಿ ಪೊರೆಯಿಂದ ಶುರುಮಾಡಿ ಕಾಂಡದ ಅಡ್ಡಸೀಳಿಕೆಯವರೆಗೆ ತಾವೇ ಸ್ಲೈಡ್ ಮಾಡಿ ನೋಡಬೇಕು ಅನ್ನುವವರು ಈ ಪೆಟ್ಟಿಗೆಯನ್ನು ಕೊಳ್ಳಬಹುದು. ಆದರೆ ಅದರ ಜೊತೆಗೇ ಒಂದು ಡಬ್ಬಿ ಗಾಜಿನ ಕವರ್ ಸ್ಲಿಪ್ಪನ್ನೂ, ಅಂದರೆ ಸ್ಲೈಡಿನ ಮೇಲಿಟ್ಟ ವಸ್ತುವನ್ನು ಮುಚ್ಚುವ ತೆಳು ಚೌಕಗಳನ್ನೂ, ತರಿಸಿಕೊಳ್ಳಿ. ಅದಿಲ್ಲದಿದ್ದರೆ ಕಿಟ್‌ನಲ್ಲಿರುವ ಒಳ್ಳೆಯ ಬಣ್ಣಗಳೂ ದಂಡ. ಇದೇ ಅಚ್ಚಿನ ಕಿಟ್‌ಗಳು ನಾಲ್ಕಾರು ಹೆಸರಿನಲ್ಲಿ ಮಾರಾಟಕ್ಕಿವೆ. ಹಾಗಾಗಿ ಹೆಸರು ಬಿಟ್ಟು ಒಳಗಿನ ಸಾಮಾನಿನ ಬಗ್ಗೆಯಷ್ಟೇ ಬರೆಯುತ್ತಿದ್ದೇವೆ. ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರು.

ಪೆಟ್ಟಿಗೆಯಲ್ಲಿ ಹನ್ನೆರಡು ಖಾಲಿ ಸ್ಲೈಡು, ಮಧ್ಯೆ ಗುಳಿಯಿರುವ ಇನ್ನೊಂದು ಸ್ಲೈಡು, ಐವತ್ತು ಪ್ಲಾಸ್ಟಿಕ್ ಕವರ್ ಸ್ಲಿಪ್, ಅಯೋಡಿನ್, ಸಫ್ರಾನಿನ್, ಮೀಥೈಲೀನ್ ಬ್ಲೂ ಮತ್ತು ಗ್ಲಿಸರಿನ್ ತುಂಬಿದ 15 ಮಿ.ಲೀ.ಯ ನಾಲ್ಕು ಸೀಸೆ, ಚಿಮುಟ, ಸೂಜಿ, ಒಂದೇ ಒಂದು ಡ್ರಾಪರ್, ಒಂದು ಬ್ಲೇಡು, ಫಿಲ್ಟರ್ ಪೇಪರ್, ಸಿದ್ಧಪಡಿಸಿದ ಐದು ಸ್ಲೈಡ್‌ಗಳು ಮತ್ತು ಒಂದು ಕೈಪಿಡಿ ಇವೆ. ಕುಂಚ ಇಲ್ಲ. ಯಾಕಿಲ್ಲವೋ ತಿಳಿಯದು, ಇಡೀ ಪೆಟ್ಟಿಗೆಯಲ್ಲಿ ಅತಿ ಅಗ್ಗದ ಸಾಮಾನು ಅದೇ ಆಗುತ್ತಿತ್ತು.

ಖಾಲಿ ಸ್ಲೈಡ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 75 × 25 ಮಿ.ಮೀ. ಅಳತೆ ಸರಿಯಿದೆ, ಅಂಚು ಉಜ್ಜಿರುವುದರಿಂದ ಬೆರಳು ಕೊಯ್ಯುವುದಿಲ್ಲ. ಹೊಸ ಸ್ಲೈಡ್ ಎಂದು ನೇರ ಬಳಸಬೇಡಿ. ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ನೀರು ಹರಡದೆ ಗುಂಡಗೆ ನಿಂತರೆ ಗಾಜಿನ ಮೇಲೆ ಜಿಡ್ಡಿದೆ ಎಂದರ್ಥ. ಸೋಪಿನ ನೀರಲ್ಲಿ ತೊಳೆದು, ಸ್ಪಿರಿಟ್ ಹಾಕಿ, ನೂಲು ಬಿಡದ ಬಟ್ಟೆಯಿಂದ ಒರೆಸಿದರೆ ಸಾಕು. ಆಮೇಲೆ ಅಂಚನ್ನಷ್ಟೇ ಹಿಡಿಯಿರಿ. ಗುಳಿಯ ಸ್ಲೈಡಿನಲ್ಲಿ ಈರುಳ್ಳಿ ಪೊರೆ ಇಡಲು ಹೋಗಬೇಡಿ. ಪೊರೆ ಗುಳಿಯೊಳಗೆ ಬಾಗಿ ಕೂತು, ನಡುಭಾಗ ಫೋಕಸಿಗೆ ಬಂದಾಗ ಅಂಚು ಮಸುಕಾಗುತ್ತದೆ. ಅದು ನೀರಿನ ಪಾಚಿ, ಸಣ್ಣ ಜೀವಿಗಳಂಥವನ್ನು ಜಜ್ಜದೆ ನೋಡಲಿಕ್ಕೆ.

ಈಗ ಕವರ್ ಸ್ಲಿಪ್. ಇದನ್ನು ನೀರಿನ ಮೇಲಿನ ಮುಚ್ಚಳ ಎಂದುಕೊಂಡರೆ ತಪ್ಪಾಗುತ್ತದೆ, ಅದು ಮಸೂರ ವ್ಯವಸ್ಥೆಯ ಒಂದು ಭಾಗ. ನಿಮ್ಮ ಆಬ್ಜೆಕ್ಟಿವ್‌ನ, ಅಂದರೆ ಸ್ಲೈಡಿನ ಕಡೆಗಿರುವ ಮಸೂರದ, ಮೈಮೇಲೆ 160/0.17 ಎಂದೋ ಅಂಥದೇ ಬರಹವೋ ಇರುತ್ತದೆ. ಅದರಲ್ಲಿ 0.17 ಎಂಬುದು ಕವರ್ ಸ್ಲಿಪ್ಪಿನ ದಪ್ಪ, ಮಿ.ಮೀ.ಗಳಲ್ಲಿ. ಅಷ್ಟು ದಪ್ಪದ ಗಾಜು ಮೇಲಿರುತ್ತದೆ ಎಂದು ಲೆಕ್ಕಹಾಕಿಯೇ ಮಸೂರವನ್ನು ತಿದ್ದಿರುತ್ತಾರೆ. 4ಎಕ್ಸ್, 10ಎಕ್ಸ್ ಆಬ್ಜೆಕ್ಟಿವ್‌ಗಳಲ್ಲಿ ಈ ದಪ್ಪ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಗೊತ್ತಾಗುವುದಿಲ್ಲ. 40ಎಕ್ಸ್‌ಗೆ ಬಂದಾಗ ಗೊತ್ತಾಗುತ್ತದೆ: ಕೋಶಭಿತ್ತಿಯ ಗೆರೆ ಚೂಪಾಗಿ ಕಾಣದೆ ಅದರ ಸುತ್ತ ಹೊಗೆಯಂಥ ಮಬ್ಬು ಉಳಿಯುತ್ತದೆ. ಫೋಕಸ್ ತಿರುಪನ್ನು ಎಷ್ಟು ತಿರುಗಿಸಿದರೂ ಅದು ಹೋಗದು. ಪಾಪ, ಹೊಸಬರು ಸೂಕ್ಷ್ಮದರ್ಶಕವನ್ನೇ ಬೈಯುತ್ತಾರೆ.

ಕಿಟ್‌ನ ಪ್ಲಾಸ್ಟಿಕ್ ಸ್ಲಿಪ್‌ಗಳು ಈ ದಪ್ಪಕ್ಕಿಂತ ಹೆಚ್ಚಿವೆ, ಒಂದು ಇದ್ದಂತೆ ಇನ್ನೊಂದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅವು ಸಮತಟ್ಟಾಗಿಲ್ಲ ಎಂಬುದು. ಚೂರು ಬಾಗಿದ ಸ್ಲಿಪ್ಪಿನ ಕೆಳಗೆ ನೀರು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪ್ಲಾಸ್ಟಿಕ್ಕಿಗೆ ನೀರು ಸಲೀಸಾಗಿ ಅಂಟುವುದೂ ಇಲ್ಲ. ಗಾಜಿನ ಸ್ಲಿಪ್ಪನ್ನು ಇಳಿಸಿದರೆ ನೀರು ತಾನೇ ಅಂಚಿನವರೆಗೆ ಓಡುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಅಲ್ಲಲ್ಲಿ ಗಾಳಿಯನ್ನು ಸುತ್ತುವರಿದು ನಿಂತುಬಿಡುತ್ತದೆ. ಜೊತೆಗೆ ಒರೆಸಿದಾಗಲೆಲ್ಲ ಸ್ಥಿರ ವಿದ್ಯುತ್ತಿನಿಂದ ಧೂಳು ಹಿಡಿಯುತ್ತದೆ, ನಾಲ್ಕು ಸಲ ಬಳಸುವಷ್ಟರಲ್ಲಿ ಗೀರು ಬೀಳುತ್ತದೆ. ತೀರಾ ಚಿಕ್ಕ ಮಕ್ಕಳ ಕೈಗೆ ಗಾಜು ಕೊಡಬಾರದು ಎಂಬ ವಾದ ಸರಿ. ಅವರು 10ಎಕ್ಸ್‌ನಲ್ಲಿ, ಅಂದರೆ ಕಣ್ಣಿನ ಕಡೆಯ 10ಎಕ್ಸ್ ಮಸೂರವೂ ಸೇರಿ 100 ಪಟ್ಟು ಹಿಗ್ಗಿಸಿ ನೋಡುವುದಕ್ಕೆ ಈ ಪ್ಲಾಸ್ಟಿಕ್ ನಡೆಯುತ್ತದೆ. 40ಎಕ್ಸ್‌ನ 400 ಪಟ್ಟಿಗೆ ನಡೆಯುವುದಿಲ್ಲ. ಬದಲಿ ಕೊಳ್ಳುವಾಗ ಡಬ್ಬಿಯ ಮೇಲೆ ನಂ. 1.5, ಅಂದರೆ 0.16ರಿಂದ 0.19 ಮಿ.ಮೀ. ಎಂದಿರುವುದನ್ನು ಆರಿಸಿ. ನಂ. 1 ಸಿಕ್ಕರೂ ಸರಿಯೇ, ಅದು 0.13ರಿಂದ 0.16 ಮಿ.ಮೀ. ಇರುತ್ತದೆ, ಬೇಗ ಒಡೆಯುತ್ತದೆ ಅಷ್ಟೆ. ನಂ. 2 ಬೇಡ.

ಅಳತೆಯ ವಿಷಯ ಇನ್ನೂ ಮುಗಿದಿಲ್ಲ. ಕಿಟ್‌ನ ಸ್ಲಿಪ್ 18 × 18 ಮಿ.ಮೀ., ಅಂದರೆ 324 ಚದರ ಮಿ.ಮೀ. ಡ್ರಾಪರಿನಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ., ಅಂದರೆ 50 ಘನ ಮಿ.ಮೀ. ಭಾಗಿಸಿ ನೋಡಿ: ಸ್ಲಿಪ್ಪಿನ ಕೆಳಗೆ ನೀರಿನ ಪದರ 0.15 ಮಿ.ಮೀ. ದಪ್ಪವಾಗುತ್ತದೆ. ಕೈಪಿಡಿಯೋ ಧಾರಾಳವಾಗಿ ‘ಎರಡು ಮೂರು ಹನಿ ಹಾಕಿ’ ಎನ್ನುತ್ತದೆ. ಅಷ್ಟು ಹಾಕಿದರೆ ಸ್ಲಿಪ್ ತೇಲುತ್ತದೆ, ಸೂಕ್ಷ್ಮದರ್ಶಕದ ಸ್ಟೇಜಿನ (ಸ್ಲೈಡ್ ಇಡುವ ತಟ್ಟೆಯ) ಮೇಲೆ ಸ್ಲೈಡನ್ನು ಸರಿಸಿದಾಗಲೆಲ್ಲ ಪೊರೆ ಜಾರಿ ಮಾಯವಾಗುತ್ತದೆ, ಹೆಚ್ಚಾದ ನೀರು ಮೇಲೆ ಹತ್ತಿ 40ಎಕ್ಸ್‌ನ ತುದಿಯನ್ನು ಒದ್ದೆ ಮಾಡುತ್ತದೆ. 22 × 22 ಮಿ.ಮೀ.ಯ ಸ್ಲಿಪ್ಪಿಗೆ ಅದೇ ಡ್ರಾಪರಿನ ಒಂದು ಹನಿ ಹೆಚ್ಚೂಕಡಿಮೆ ಸರಿಹೋಗುತ್ತದೆ, ಪದರ 0.1 ಮಿ.ಮೀ. ಇರುತ್ತದೆ. 18ರ ಸ್ಲಿಪ್ಪನ್ನೇ ಬಳಸುವುದಾದರೆ ಹನಿಯನ್ನು ಬೀಳಿಸಬೇಡಿ, ಡ್ರಾಪರಿನ ತುದಿಯನ್ನು ಗಾಜಿಗೆ ತಾಗಿಸಿ ಅರ್ಧ ಹನಿಯಷ್ಟನ್ನು ಬಿಡಿ. ಆಮೇಲೂ ಹೆಚ್ಚೆನಿಸಿದರೆ ಫಿಲ್ಟರ್ ಪೇಪರಿನ ಚೂರನ್ನು ಅಂಚಿಗೆ ತಾಗಿಸಿ ಹೀರಿಸಿ. ಮೇಲಿನಿಂದ ಬೆರಳಲ್ಲಿ ಒತ್ತಬೇಡಿ, ಕೋಶಗಳು ಒಡೆಯುತ್ತವೆ.

ಕಿಟ್‌ನ ಬಲ ಇರುವುದು ಬಣ್ಣಗಳಲ್ಲಿ, ಅದನ್ನು ಒಪ್ಪಲೇಬೇಕು. ಸಫ್ರಾನಿನ್ ಸೀಸೆಯ ಮೇಲೆ 1 ಶೇಕಡಾ ಎಂದಿದೆ, ತಳದಲ್ಲಿ ಗಸಿ ಇಲ್ಲ. ಮೀಥೈಲೀನ್ ಬ್ಲೂ ಕೂಡ 1 ಶೇಕಡಾ. ಅದು ಕೋಶ ನೋಡಲು ತೀರಾ ಗಾಢ. ಕೈಪಿಡಿ ಹೇಳಿದಂತೆ ನೇರವಾಗಿ ಹಾಕಿದರೆ ನೀಲಿ ಗೋಡೆಯಲ್ಲದೆ ಬೇರೇನೂ ಕಾಣುವುದಿಲ್ಲ. 1 ಮಿ.ಲೀ.ಗೆ 9 ಮಿ.ಲೀ. ನೀರು ಬೆರೆಸಿ 0.1 ಶೇಕಡಾಕ್ಕೆ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ನೀರಲ್ಲಿ ಅಲುಗಾಡಿಸಿ ತೊಳೆದರೆ ಕೋಶಕೇಂದ್ರ ನೀಲಿಯಾಗಿ ಎದ್ದು ಕಾಣುತ್ತದೆ. ಹೀಗೆ ತೆಳು ಮಾಡಿದರೆ 15 ಮಿ.ಲೀ.ಯ ಸೀಸೆ 150 ಮಿ.ಲೀ. ಆಗುತ್ತದೆ, ಅದೊಂದು ಲಾಭ.

ಅಯೋಡಿನ್ ಸೀಸೆಯ ಮೇಲೆ ಪ್ರಮಾಣವನ್ನೇ ಬರೆದಿಲ್ಲ, ಇದು ದೊಡ್ಡ ಲೋಪ. ಒಳಗಿರುವುದು ಗಾಢ ಕಂದು ದ್ರಾವಣ. ನೇರ ಹಾಕಿದರೆ ಕೋಶಭಿತ್ತಿ, ಕೋಶದ್ರವ್ಯ, ಕೋಶಕೇಂದ್ರ ಎಲ್ಲವೂ ಒಂದೇ ಕಂದಾಗಿ, ಯಾವುದು ಯಾವುದೆಂದು ಬಿಡಿಸಿಕೊಳ್ಳಲು ಆಗುವುದಿಲ್ಲ. ಮೂರು ನಾಲ್ಕು ಪಾಲು ನೀರು ಸೇರಿಸಿ ತಿಳಿ ಜೇನಿನ ಬಣ್ಣಕ್ಕೆ ತನ್ನಿ. ಸೀಸೆ ಪ್ಲಾಸ್ಟಿಕ್ಕಿನದು ಎಂಬುದೂ ಸರಿಯಲ್ಲ. ಅಯೋಡಿನ್ ಆವಿಯಾಗುವ ವಸ್ತು, ಪ್ಲಾಸ್ಟಿಕ್ಕಿನೊಳಗೂ ನುಸುಳುತ್ತದೆ. ಕೆಲವು ತಿಂಗಳಲ್ಲಿ ಸೀಸೆಯೇ ಕಂದಾಗಿ, ಪಕ್ಕದ ಕೈಪಿಡಿಯ ಅಂಚೂ ಕಂದಾಗಿ, ಒಳಗಿನ ದ್ರಾವಣ ಮಾತ್ರ ಬೆಳ್ಳಗಾಗುತ್ತದೆ. ಪೆಟ್ಟಿಗೆ ಬಂದ ದಿನವೇ ಕಂದುಗಾಜಿನ ಸೀಸೆಗೆ ಬದಲಿಸಿಡಿ. ಸತ್ವ ಉಳಿದಿದೆಯೇ ಎಂದು ನೋಡಲು ಆಲೂಗಡ್ಡೆಯ ಕತ್ತರಿಸಿದ ಮುಖಕ್ಕೆ ಒಂದು ಹನಿ ಹಾಕಿ. ಪಿಷ್ಟ ಕೂಡಲೇ ಕಡುನೀಲಿಯಾಗದಿದ್ದರೆ ದ್ರಾವಣ ಹೋಯಿತು ಅಂತ ತಿಳಿಯಿರಿ. ಈರುಳ್ಳಿಯಲ್ಲಿ ಈ ನೀಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಈರುಳ್ಳಿ ಗಡ್ಡೆ ಪಿಷ್ಟವನ್ನಲ್ಲ, ಸಕ್ಕರೆಗಳನ್ನು ಕೂಡಿಡುತ್ತದೆ.

ಈರುಳ್ಳಿ ಪೊರೆಯ ಸ್ಲೈಡನ್ನು ಈ ಸಾಮಾನಿನಲ್ಲೇ ಹೇಗೆ ಮಾಡಿದರೆ ಸರಿಬರುತ್ತದೆ ಎನ್ನುವುದನ್ನು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕೈಪಿಡಿ ಅದನ್ನು ಮೂರು ಸಾಲಲ್ಲಿ ಮುಗಿಸಿದೆ. ಗಡ್ಡೆಯ ರಸಭರಿತ ಎಸಳೊಂದನ್ನು ಬಿಡಿಸಿ. ಬೇಕಾದದ್ದು ಒಳಬಾಗಿದ ಮುಖದ ಪೊರೆ. ಹೊರಮುಖದ್ದು ಗಟ್ಟಿಯಾಗಿ ಅಂಟಿರುತ್ತದೆ, ಎಳೆದರೆ ಕೆಳಗಿನ ತಿರುಳೂ ಜೊತೆಗೆ ಬರುತ್ತದೆ. ಪೊರೆ ಕಿತ್ತ ಮೇಲೆ ಕತ್ತರಿಸುವ ಬದಲು, ಎಸಳಿನ ಮೇಲಿರುವಾಗಲೇ ಬ್ಲೇಡಿನ ತುದಿಯಿಂದ 5 ಮಿ.ಮೀ.ಯ ಚೌಕ ಗೀಚಿಕೊಳ್ಳಿ. ಒಂದು ಮೂಲೆಯನ್ನು ಸೂಜಿಯಿಂದ ಎಬ್ಬಿಸಿ, ಚಿಮುಟದಲ್ಲಿ ಆ ಮೂಲೆಯನ್ನಷ್ಟೇ ಹಿಡಿದು, ಎಸಳಿಗೆ ಒತ್ತಿದಂತೆ ಹಿಂದಕ್ಕೆ ಮಡಚಿ ಎಳೆಯಿರಿ. ನೆಟ್ಟಗೆ ಮೇಲಕ್ಕೆತ್ತಿದರೆ ಹರಿಯುತ್ತದೆ. ಬಿಡಿಸಿದ ಕ್ಷಣವೇ ಅದು ಸುರುಳಿ ಸುತ್ತತೊಡಗುತ್ತದೆ, ಆದ್ದರಿಂದ ಸ್ಲೈಡಿನ ಮೇಲೆ ನೀರನ್ನು ಮೊದಲೇ ಹಾಕಿಟ್ಟಿರಬೇಕು. ನೀರಲ್ಲಿ ತೇಲಿಸಿ, ಒದ್ದೆ ಕುಂಚದಿಂದ (ಇದನ್ನು ಮಾತ್ರ ನೀವೇ ತಂದುಕೊಳ್ಳಬೇಕು) ನಡುವಿನಿಂದ ಅಂಚಿನ ಕಡೆಗೆ ಸವರಿ ಬಿಡಿಸಿ. ಚಿಮುಟದಲ್ಲಿ ಇದನ್ನು ಮಾಡಲು ಹೋದರೆ ಪೊರೆಯ ಮೇಲೆಲ್ಲ ಜಜ್ಜಿದ ಗುರುತು ಉಳಿಯುತ್ತದೆ. ಒಂದು ಅಂಚು ಮಡಚಿಕೊಂಡರೂ ಅಲ್ಲಿ ಎರಡು ಪದರ ಕೋಶಗಳು ಒಂದರ ಮೇಲೊಂದು ಬಿದ್ದು, ಅಡ್ಡಾದಿಡ್ಡಿ ಬಲೆಯಂತೆ ಕಾಣುತ್ತದೆ.

ಕವರ್ ಸ್ಲಿಪ್ಪಿನ ಒಂದು ಅಂಚನ್ನು ನೀರಿನ ಪಕ್ಕದಲ್ಲಿ ಗಾಜಿಗೆ ಊರಿ, ಸುಮಾರು 45 ಡಿಗ್ರಿ ಓರೆ ಹಿಡಿದು, ನೀರು ಅಂಚಿನುದ್ದಕ್ಕೂ ಗೆರೆಯಾಗಿ ಓಡುವವರೆಗೆ ಕಾಯಿರಿ. ಆಮೇಲೆ ಇನ್ನೊಂದು ಅಂಚಿಗೆ ಸೂಜಿ ಆನಿಸಿ, ಸೂಜಿಯನ್ನು ನಿಧಾನಕ್ಕೆ ಹಿಂದೆಗೆಯುತ್ತ ಇಳಿಸಿ. ಗಾಳಿಗೆ ತಪ್ಪಿಸಿಕೊಳ್ಳಲು ಒಂದು ಕಡೆ ದಾರಿ ತೆರೆದೇ ಇರುತ್ತದೆ. ಆದರೂ ಗುಳ್ಳೆ ಸಿಕ್ಕಿದರೆ ಅದು ದಪ್ಪ ಕಪ್ಪು ಅಂಚಿನ ನಿಖರ ವೃತ್ತವಾಗಿ ಕಾಣುತ್ತದೆ. ಅದನ್ನೇ ಕೋಶ ಎಂದು ಬರೆದುಕೊಳ್ಳುವವರು ಕಡಿಮೆಯೇನಿಲ್ಲ. ಬಣ್ಣವನ್ನು ಸ್ಲಿಪ್ ಹಾಕಿದ ಮೇಲೆ ಕೊಡುವುದೇ ಒಳ್ಳೆಯದು: ಒಂದು ಅಂಚಿಗೆ ಅರ್ಧ ಹನಿ ಅಯೋಡಿನ್, ಎದುರು ಅಂಚಿಗೆ ಫಿಲ್ಟರ್ ಪೇಪರ್. ಪೇಪರ್ ನೀರನ್ನು ಎಳೆದಷ್ಟೂ ಬಣ್ಣ ಒಳಗೆ ಹರಿಯುತ್ತದೆ, ಪೊರೆ ಅಲುಗುವುದಿಲ್ಲ. ಎರಡು ಮೂರು ನಿಮಿಷ ಬಿಡಿ.

ನೋಡುವಾಗ ಮೊದಲು 4ಎಕ್ಸ್ ಅಥವಾ 10ಎಕ್ಸ್. ಇಟ್ಟಿಗೆ ಜೋಡಿಸಿದಂತಿರುವ ಉದ್ದುದ್ದ ಕೋಶಗಳ ಸಾಲು ಸಿಕ್ಕ ಮೇಲೆಯೇ 40ಎಕ್ಸ್. ಕೆಲವು ಕೋಶಗಳಲ್ಲಿ ಕೋಶಕೇಂದ್ರ ನಡುವಿನಲ್ಲಿ ದುಂಡಗೆ, ಇನ್ನು ಕೆಲವದರಲ್ಲಿ ಭಿತ್ತಿಗೆ ಒತ್ತಿಕೊಂಡು ಚಪ್ಪಟೆಯಾಗಿ ಕಾಣುತ್ತದೆ. ಎರಡೂ ಒಂದೇ. ಕೋಶದ ನಡುವಿನ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಕೋಶದ್ರವ್ಯವನ್ನೆಲ್ಲ ಅಂಚಿಗೆ ತಳ್ಳಿರುತ್ತದೆ, ಕೋಶಕೇಂದ್ರ ನಮ್ಮ ಕಡೆಯ ಭಿತ್ತಿಯ ಮೇಲಿದ್ದರೆ ದುಂಡು, ಪಕ್ಕದ ಭಿತ್ತಿಯ ಮೇಲಿದ್ದರೆ ಚಪ್ಪಟೆ. ಬೆಳಕು ಹೆಚ್ಚಿದ್ದರೆ ಎಲ್ಲ ತೊಳೆದುಹೋದಂತೆ ಕಾಣುತ್ತದೆ. ಸ್ಟೇಜಿನ ಕೆಳಗೆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕಿಂಡಿ, ಅಂದರೆ ಡಯಾಫ್ರಂ, ಕಿರಿದು ಮಾಡಿ. ಬಣ್ಣ ಹಾಕದ ಸ್ಲೈಡಿನಲ್ಲಂತೂ ಇದೊಂದೇ ಉಪಾಯ.

ಬ್ಲೇಡು ಒಂದೇ ಕೊಟ್ಟಿದ್ದಾರೆ, ಅದರ ಮೇಲೆ ತುಕ್ಕು ತಡೆಯಲು ಎಣ್ಣೆ ಬಳಿದಿದ್ದಾರೆ. ಸ್ಪಿರಿಟ್‌ನಲ್ಲಿ ಒರೆಸದೆ ಬಳಸಿದರೆ ಎಣ್ಣೆಯ ಹನಿಗಳು ಸೀಳಿಕೆಯ ಮೇಲೆ ಹೊಳೆಯುತ್ತ ಕೂರುತ್ತವೆ. ಎಳೆಯ ಕಾಂಡವನ್ನು ಅಡ್ಡಸೀಳಲು ಬ್ಲೇಡನ್ನೂ ಕಾಂಡವನ್ನೂ ಒದ್ದೆ ಮಾಡಿಕೊಂಡು, ಗರಗಸದಂತೆ ಹಿಂದೆ ಮುಂದೆ ಆಡಿಸದೆ ಒಂದೇ ಎಳೆತದಲ್ಲಿ ಓರೆಯಾಗಿ ಎಳೆಯಬೇಕು. ಹತ್ತು ಹದಿನೈದು ಸೀಳಿಕೆಗಳನ್ನು ನೀರಿಗೆ ಬಿಟ್ಟು, ಅವುಗಳಲ್ಲಿ ಅತಿ ಪಾರದರ್ಶಕವಾದದ್ದನ್ನು ಕುಂಚದಲ್ಲಿ ಎತ್ತಿಕೊಳ್ಳಿ. ಪೂರ್ತಿ ವೃತ್ತವೇ ಬೇಕೆಂಬ ಹಟ ಬೇಡ. ತೆಳುವಾದ ಕಾಲುಭಾಗ ದಪ್ಪನೆಯ ಪೂರ್ಣ ವೃತ್ತಕ್ಕಿಂತ ಹೆಚ್ಚು ತೋರಿಸುತ್ತದೆ. ಎಲ್ಲ ಸೀಳಿಕೆಗಳಲ್ಲೂ ಒಂದೇ ಜಾಗದಲ್ಲಿ ಗೀರು ಕಂಡರೆ ಬ್ಲೇಡಿನ ಅಂಚು ಅಲ್ಲಿ ಮುಕ್ಕಾಗಿದೆ, ಬೇರೆ ಭಾಗ ಬಳಸಿ. ಎಲೆಯಂಥ ತೆಳು ವಸ್ತುವನ್ನು ಕೈಪಿಡಿ ಹೇಳುವಂತೆ ಆಲೂಗಡ್ಡೆಯ ಸೀಳಿನಲ್ಲಿ ಸಿಕ್ಕಿಸಿ ಕತ್ತರಿಸಬೇಡಿ. ಪಿಷ್ಟದ ಕಣಗಳು ಸೀಳಿಕೆಗೆಲ್ಲ ಅಂಟಿ, ಅಯೋಡಿನ್ ಹಾಕಿದ ಕೂಡಲೇ ಎಲ್ಲೆಲ್ಲೂ ನೀಲಿ ಚುಕ್ಕೆ. ಕ್ಯಾರೆಟ್ ಅಥವಾ ಥರ್ಮೋಕೋಲ್ ವಾಸಿ.

ಈ ಸೀಳಿಕೆಗೆ ಕಿಟ್‌ನ ಸಫ್ರಾನಿನ್ ಹೇಳಿ ಮಾಡಿಸಿದ್ದು. ಎರಡು ಮೂರು ನಿಮಿಷ ನೆನೆಸಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಲಿಗ್ನಿನ್ (ಭಿತ್ತಿಗೆ ಗಟ್ಟಿತನ ಕೊಡುವ ವಸ್ತು) ಇರುವ ಕ್ಸೈಲಂನ, ಅಂದರೆ ನೀರು ಸಾಗಿಸುವ ನಾಳಗಳ, ಭಿತ್ತಿಗಳು ಕೆಂಪನ್ನು ಹಿಡಿದುಕೊಳ್ಳುತ್ತವೆ, ಉಳಿದ ಅಂಗಾಂಶ ತಿಳಿಯಾಗುತ್ತದೆ. ಎಲ್ಲವೂ ಕೆಂಪಾಗಿಯೇ ಉಳಿದರೆ 50 ಶೇಕಡಾ ಆಲ್ಕೋಹಾಲಿನಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆಯಿರಿ.

ಗ್ಲಿಸರಿನ್ ಒಣಗುವುದನ್ನು ತಡೆಯುತ್ತದೆ. ಬರೀ ನೀರಿನ ಸ್ಲೈಡು ಸ್ವಲ್ಪ ಹೊತ್ತಿಗೇ ಅಂಚಿನಿಂದ ಒಣಗಿ ಗಾಳಿ ನುಗ್ಗಿಸಿಕೊಳ್ಳುತ್ತದೆ. ಆದರೆ ಸೀಸೆಯಲ್ಲಿರುವ ಗಟ್ಟಿ ಗ್ಲಿಸರಿನ್ನನ್ನೇ ಹಸಿ ಪೊರೆಯ ಮೇಲೆ ಸುರಿದರೆ ಅದು ಕೋಶಗಳಿಂದ ನೀರನ್ನು ಎಳೆದುಕೊಂಡು ಒಳಗಿನದೆಲ್ಲ ಮುದುಡುತ್ತದೆ. ಒಂದು ಪಾಲು ಗ್ಲಿಸರಿನ್‌ಗೆ ನಾಲ್ಕಾರು ಪಾಲು ನೀರು ಸೇರಿಸಿಕೊಳ್ಳಿ. ಒಂದೆರಡು ವಾರ ಇಡಬೇಕೆಂದರೆ ಸ್ಲಿಪ್ಪಿನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಎರಡು ಸಲ ಹಚ್ಚಬಹುದು. ಗಾಜಿನ ಮೇಲೆ ಗ್ಲಿಸರಿನ್ ಪಸೆ ಉಳಿದಿದ್ದರೆ ಪಾಲಿಶ್ ಹಿಡಿಯುವುದಿಲ್ಲ, ಮೊದಲು ಒರೆಸಿಕೊಳ್ಳಬೇಕು.

ಕೋಶದೊಳಗಿನದು ಹೀಗೆ ಮುದುಡುವುದನ್ನೇ ಬೇಕೆಂದು ನೋಡುವ ಪ್ರಯೋಗವೊಂದಿದೆ, ಪ್ಲಾಸ್ಮಾಲಿಸಿಸ್. ಕಿಟ್‌ನ ಒಂದು ಹನಿ ಬಣ್ಣವೂ ಬೇಡದ ಈ ಪ್ರಯೋಗವನ್ನು ಕೈಪಿಡಿ ಸೇರಿಸಿಯೇ ಇಲ್ಲ. ಕೆಂಪು ಈರುಳ್ಳಿ ಎಸಳಿನ ಹೊರಮುಖದ ಬಣ್ಣದ ಪೊರೆ ತೆಗೆದುಕೊಳ್ಳಿ, ತುಸು ತಿರುಳು ಬಂದರೂ ಚಿಂತೆಯಿಲ್ಲ. ನೀರಿನಲ್ಲಿಟ್ಟಾಗ ಕೋಶದ ತುಂಬ ನೇರಳೆ. 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಬೆರೆಸಿದ ದ್ರಾವಣವನ್ನು ಅಂಚಿನಿಂದ ಹರಿಸಿ ನೋಡುತ್ತಿರಿ: ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಮೂಲೆಗಳನ್ನು ಬಿಟ್ಟು ಒಳಸರಿದು, ಬಣ್ಣ ಗಾಢವಾಗುತ್ತ, ಭಿತ್ತಿ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಕೋಶಪೊರೆ ಬೇರೆ, ಕೋಶಭಿತ್ತಿ ಬೇರೆ ಎಂಬುದು ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣದು. ಕೂಡಲೇ ಬರೀ ನೀರು ಹರಿಸಿದರೆ ಬಹಳಷ್ಟು ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ, ಬಹಳ ಹೊತ್ತು ಉಪ್ಪಿನಲ್ಲಿ ಬಿಟ್ಟವು ಸತ್ತಿರುತ್ತವೆ. ಹೈಡ್ರಿಲ್ಲಾ ಎಲೆಗೂ ಬಣ್ಣ ಬೇಡ. ಎರಡೇ ಕೋಶದಷ್ಟು ದಪ್ಪದ ಎಲೆಯನ್ನು ಹಾಗೆಯೇ ನೀರಲ್ಲಿಟ್ಟು, ನಡುನರದ ಪಕ್ಕ 40ಎಕ್ಸ್‌ನಲ್ಲಿ ನೋಡಿದರೆ ಕ್ಲೋರೋಪ್ಲಾಸ್ಟ್‌ಗಳು (ಹಸಿರು ಕಣಗಳು) ಭಿತ್ತಿಯಗುಂಟ ಸಾಲಾಗಿ ಸಾಗುವುದು ಕಾಣುತ್ತದೆ. ಚಲನೆ ಇಲ್ಲದಿದ್ದರೆ ಸ್ವಲ್ಪ ಹೊತ್ತು ದೀಪದ ಬೆಳಕಲ್ಲಿ ಬಿಡಿ.

ಚಿಮುಟದ ತುದಿಗಳು ಒಂದಕ್ಕೊಂದು ಕೂಡುತ್ತವೆ, ಆದರೆ ಒಳಗೆ ಹಲ್ಲುಗಳಿವೆ. ಪೊರೆಗೆ ನಯವಾದ ತುದಿಯೇ ಬೇಕಿತ್ತು. ಸೂಜಿ ಸರಿಯಿದೆ. ನಾಲ್ಕು ಸೀಸೆಗೆ ಒಂದೇ ಡ್ರಾಪರ್ ಕೊಟ್ಟಿರುವುದು ಜಿಪುಣತನ. ಪ್ರತಿ ಸಲ ತೊಳೆಯದಿದ್ದರೆ ಒಂದು ಬಣ್ಣ ಇನ್ನೊಂದನ್ನು ಕೆಡಿಸುತ್ತದೆ.

ಸಿದ್ಧ ಸ್ಲೈಡ್‌ಗಳಲ್ಲಿ ಈರುಳ್ಳಿ ಬೇರುತುದಿಯ ಉದ್ದಸೀಳಿಕೆ ನಿಜಕ್ಕೂ ಚೆನ್ನಾಗಿದೆ. ಬೇರುಟೋಪಿಯ ಹಿಂದೆಯೇ ಚಿಕ್ಕ ಚೌಕ ಕೋಶಗಳಿರುವ ಜಾಗದಲ್ಲಿ ಕೋಶವಿಭಜನೆಯ ಹಂತಗಳು ಬಿಡಿಬಿಡಿಯಾಗಿ ಸಿಗುತ್ತವೆ. ಕೋಶಗಳು ಉದ್ದವಾಗಿರುವ ಮೇಲಿನ ಭಾಗದಲ್ಲಿ ಹುಡುಕಿದರೆ ಏನೂ ಸಿಗದು. ‘ದ್ವಿದಳ ಕಾಂಡ’ ಎಂಬ ಚೀಟಿ ಹಚ್ಚಿದ ಸ್ಲೈಡಿನಲ್ಲಿ ಮಾತ್ರ ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಉಂಗುರದಂತಿಲ್ಲದೆ ತಿರುಳಿನ ತುಂಬ ಚದುರಿವೆ. ಅದು ಏಕದಳ ಕಾಂಡವೇ ಸರಿ. ‘ಏಕದಳ’ ಎಂದಿರುವುದರಲ್ಲಿ ಉಂಗುರ ಕಾಣುತ್ತದೆ. ಚೀಟಿ ಅದಲುಬದಲಾಗಿದೆ, ನೀವೇ ಬದಲಿಸಿ ಹಚ್ಚಿಕೊಳ್ಳಿ.

ಕೈಪಿಡಿಯ ಚಿತ್ರಗಳನ್ನಂತೂ ನಂಬಲೇಬೇಡಿ. ಈರುಳ್ಳಿ ಪೊರೆಯ ಕೋಶದಲ್ಲಿ ಹಸಿರು ಕ್ಲೋರೋಪ್ಲಾಸ್ಟ್ ಬಿಡಿಸಿದ್ದಾರೆ. ನೆಲದೊಳಗಿನ ಗಡ್ಡೆಯ ಒಳಪೊರೆಯಲ್ಲಿ ಅವು ಇರುವುದಿಲ್ಲ. ಮೈಟೊಕಾಂಡ್ರಿಯವನ್ನೂ ಬಾಣ ಹಾಕಿ ತೋರಿಸಿದ್ದಾರೆ. ಕಿಟ್‌ನ ಈ ಬಣ್ಣಗಳಲ್ಲಿ 400 ಪಟ್ಟಿಗೆ ಅದನ್ನು ಗುರುತಿಸಲಾಗದು. ಚಿತ್ರ ನೋಡಿ ತಮ್ಮ ಸ್ಲೈಡೇ ಕೆಟ್ಟಿದೆ ಎಂದುಕೊಳ್ಳುವವರಿಗೆ ಇಷ್ಟು ಹೇಳಿದರೆ ಸಾಕು.

ಮೊದಲು ಖಾಲಿಯಾಗುವುದು ಅಯೋಡಿನ್. ಅದಕ್ಕಾಗಿ ಇನ್ನೊಂದು ಕಿಟ್ ತರಿಸಬೇಕಿಲ್ಲ. 2 ಗ್ರಾಂ ಪೊಟ್ಯಾಸಿಯಂ ಅಯೊಡೈಡನ್ನು ಮೊದಲು ಹತ್ತು ಮಿ.ಲೀ. ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಪೂರ್ತಿ ಕರಗಿದ ಮೇಲೆ 300 ಮಿ.ಲೀ.ಗೆ ನೀರು ತುಂಬಿಸಿ. ಈ ಕ್ರಮ ತಪ್ಪಿಸಬೇಡಿ. ಬರೀ ನೀರಿನಲ್ಲಿ ಅಯೋಡಿನ್ ಹೆಚ್ಚೂಕಡಿಮೆ ಕರಗುವುದೇ ಇಲ್ಲ, ಹರಳುಗಳು ತಳದಲ್ಲೇ ಉಳಿಯುತ್ತವೆ. ಹರಳನ್ನು ಕೈಯಲ್ಲಿ ಮುಟ್ಟದೆ, ಗಾಳಿಯಾಡುವ ಕಡೆ ಈ ಕೆಲಸ ಮಾಡಿ, ಬೆಳಕು ತಾಗದಂತೆ ಕಂದುಗಾಜಿನ ಸೀಸೆಯಲ್ಲಿ ಇಡಿ. ಸೀಸೆಯ ಮೇಲೆ ಪ್ರಮಾಣವನ್ನೂ ತಾರೀಖನ್ನೂ ಬರೆಯಿರಿ.